ಯುದ್ಧಕಾಲದ ಜನಪ್ರತಿರೋಧ: ಮುಧೋಳ–ಜಮಖಂಡಿ ಸೀಮೆ

ಯುದ್ಧದ ಅಥವಾ ದೊಡ್ಡ ಬಂಡಾಯದ ಹೊತ್ತಿನಲ್ಲಿ ದಂಡಿನ ಬಲದಿಂದ ಒಂದು ಸೀಮೆಯನ್ನು ಹಿಡಿದಿಟ್ಟುಕೊಂಡ ಅಧಿಕಾರದ ಆಜ್ಞೆಯನ್ನು, ಯಾವ ಸೈನ್ಯಕ್ಕೂ ಸೇರದ ಊರ ಜನ ಒಟ್ಟಾಗಿ ಒಪ್ಪದೆ ನಿಲ್ಲುವುದೇ ಯುದ್ಧಕಾಲದ ಜನಪ್ರತಿರೋಧ. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ, ರಬಕವಿ–ಬನಹಟ್ಟಿ ತಾಲೂಕುಗಳ ಸೀಮೆಯಲ್ಲಿ ಇದರ ಮುಖ್ಯ ಉದಾಹರಣೆ 1857ರ ಹಲಗಲಿ ಬೇಡರ ಬಂಡಾಯ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ ಹುಟ್ಟಿದ ‘ಭಾರತ ಬಿಟ್ಟು ತೊಲಗಿ’ ಚಳವಳಿ ಇದೇ ಬಗೆಯ ಮತ್ತೊಂದು ಘಟ್ಟ. ಎರಡರ ನಡುವೆ 85 ವರ್ಷಗಳ ಅಂತರವಿದೆ. ಮೊದಲನೆಯದು ಆಯುಧ ಹಿಡಿದು ನಡೆದದ್ದು, ಎರಡನೆಯದು ಬಹುಮಟ್ಟಿಗೆ ಆಯುಧವಿಲ್ಲದೆ ನಡೆದದ್ದು. ಸರಕಾರ ಕೊಟ್ಟ ಉತ್ತರ ಮಾತ್ರ ಎರಡು ಸಲವೂ ಒಂದೇ ಜಾಡಿನದು: ಅಪರಾಧಿ ಯಾರೆಂದು ಹುಡುಕುವ ಬದಲು ಇಡೀ ಊರಿಗೆ ಶಿಕ್ಷೆ.

ಪದದ ವ್ಯಾಪ್ತಿ

‘ಸೈನಿಕ ಆಕ್ರಮಣ’ ಎಂಬ ಮಾತಿಗೆ ಅಂತಾರಾಷ್ಟ್ರೀಯ ಕಾನೂನಿನಲ್ಲಿ ನಿಶ್ಚಿತ ಅರ್ಥವಿದೆ. 1907ರ ಹೇಗ್ ನಿಯಮಾವಳಿಯ 42ನೆಯ ವಿಧಿಯ ಪ್ರಕಾರ, ಒಂದು ಪ್ರದೇಶ ಶತ್ರುಸೈನ್ಯದ ಅಧಿಕಾರದ ಕೆಳಗೆ ವಾಸ್ತವವಾಗಿ ಬಂದಾಗ ಅದು ಆಕ್ರಮಿತ ಪ್ರದೇಶ. ಈ ಅಳತೆಗೋಲಿನಲ್ಲಿ 1857ರ ಮುಧೋಳ ಆಕ್ರಮಿತ ಪ್ರದೇಶವಲ್ಲ. ಅದು ಈಸ್ಟ್ ಇಂಡಿಯಾ ಕಂಪನಿ ಸರಕಾರದ ರಕ್ಷಣೆಯಲ್ಲಿದ್ದ ದೇಶೀ ಸಂಸ್ಥಾನ. 1942ರಲ್ಲೂ ಬ್ರಿಟಿಷರು ಕಾನೂನಿನ ಕಣ್ಣಿನಲ್ಲಿ ಶತ್ರುಗಳಲ್ಲ, ಆಳುವವರು. ಹೇಗ್ ನಿಯಮಗಳನ್ನು ಬರೆದ ಸಾಮ್ರಾಜ್ಯಗಳು ತಮ್ಮ ವಸಾಹತುಗಳಿಗೆ ಅವನ್ನು ಅನ್ವಯಿಸಿಕೊಳ್ಳಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಆದ್ದರಿಂದ ಈ ಲೇಖನದಲ್ಲಿ ‘ಸೈನಿಕ ಆಡಳಿತ’ ಎಂಬ ಮಾತನ್ನು ಸಡಿಲವಾದ, ಆದರೆ ಗೊತ್ತುಪಡಿಸಿದ ಅರ್ಥದಲ್ಲಿ ಬಳಸಿದೆ. ಸಾಮಾನ್ಯ ಕಚೇರಿ–ಕೋರ್ಟುಗಳ ಕೆಲಸ ದಂಡಿನ ಕೈಗೆ ಹೋದ, ಅಥವಾ ದಂಡಿನ ಭಯದಿಂದಲೇ ಕಾಯ್ದೆ ನಡೆಯುತ್ತಿದ್ದ ಕಾಲಾವಧಿ ಅದು. ‘ಬಂಡಾಯ’ ಎಂದರೆ ಆಯುಧ ಹಿಡಿದ ಪ್ರತಿರೋಧ. ‘ಅಸಹಕಾರ’ ಎಂದರೆ ಕಂದಾಯ, ಚಾಕರಿ, ಸಾಕ್ಷಿ, ಮಾಹಿತಿ ಇವುಗಳಲ್ಲಿ ಯಾವುದನ್ನಾದರೂ ಕೊಡದೆ ತಡೆಯುವುದು. ‘ವಿಧ್ವಂಸಕ ಕೃತ್ಯ’ ಎಂದರೆ ತಂತಿ, ಹಳಿ, ಟಪಾಲು, ದಫ್ತರಗಳಂಥ ಸರಕಾರಿ ಸಾಧನಗಳನ್ನು ಕೆಡಿಸುವುದು. ಈ ಮೂರೂ ಜನಪ್ರತಿರೋಧದ ಒಳಗೇ ಬರುತ್ತವೆ.

ಸೀಮೆ ಮತ್ತು ಅದರ ಆಡಳಿತ

ಘಟಪ್ರಭೆ ಮುಧೋಳದ ಬದಿಯಲ್ಲಿ ಹರಿಯುತ್ತದೆ, ಕೃಷ್ಣೆ ಜಮಖಂಡಿಯ ಬದಿಯಲ್ಲಿ. ಎರಡು ಹೊಳೆಗಳ ನಡುವೆ ಎರೆಹೊಲ, ಕಲ್ಲುಗುಡ್ಡ, ಕುರುಚಲು ಕಾಡು. ಮುಧೋಳ–ಬೀಳಗಿ ತಾಲೂಕುಗಳ ನಡುವಿನ ಯಡಹಳ್ಳಿಯ ಕುರುಚಲು ಇಂದು ಚಿಂಕಾರ ವನ್ಯಧಾಮ. ಬೇಟೆ ಬದುಕಿನ ಭಾಗವಾಗಿದ್ದ ಬೇಡ ಸಮುದಾಯದ ಹಳ್ಳಿಗಳು ಇಂಥ ನೆಲದ ಅಂಚಿನಲ್ಲೇ ಬೆಳೆದವು.

ಸ್ವಾತಂತ್ರ್ಯದವರೆಗೂ ಈ ಸೀಮೆಯ ನಕಾಶೆ ತುಂಡುತುಂಡು ಬಟ್ಟೆ ಹೊಲಿದ ಕೌದಿಯಂತಿತ್ತು. ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನ. ಜಮಖಂಡಿ ಪಟವರ್ಧನ ಮನೆತನದ್ದು. ಬನಹಟ್ಟಿ ಜಮಖಂಡಿಗೆ ಸೇರಿದರೆ, ಅದಕ್ಕೆ ತಾಗಿಕೊಂಡೇ ಇರುವ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ತೇರದಾಳವೂ ಸಾಂಗಲಿಯದೇ, ಮಹಾಲಿಂಗಪುರ ಮುಧೋಳದ್ದು. ಬೀಳಗಿ ಮಾತ್ರ ಬ್ರಿಟಿಷರು ನೇರವಾಗಿ ಆಳುತ್ತಿದ್ದ ಖಾಲಸಾ ಮುಲುಕು. ಒಂದೇ ದಿನದಲ್ಲಿ ಸಂತೆಗೆ ಹೋಗಿ ಬರುವ ನೇಕಾರ ಎರಡು ಮೂರು ಸರಕಾರಗಳ ನೆಲವನ್ನು ತುಳಿದು ಬರಬಹುದಿತ್ತು. ಈ ಗಡಿಗಳು ಜನರಿಗೆ ಸುಂಕದ ಕಾಟವೂ ಆಗಿದ್ದವು, ಹೊತ್ತು ಬಂದಾಗ ಮರೆಯೂ ಆದವು.

ಈ ಸಂಸ್ಥಾನಗಳ ಮೇಲೆ ಕಣ್ಣಿಡಲು ಕಂಪನಿ ಸರಕಾರ ದಕ್ಷಿಣ ಮರಾಠಾ ಸೀಮೆಗೆ ಒಬ್ಬ ಪೊಲಿಟಿಕಲ್ ಏಜೆಂಟನನ್ನು ಬೆಳಗಾವಿಯಲ್ಲಿ ಇಟ್ಟಿತ್ತು. ಮುಧೋಳಕ್ಕೆ ಹತ್ತಿರದ ಕಲಾದಗಿಯಲ್ಲಿ ದಂಡಿನ ಠಾಣೆ ಇತ್ತು, ಕುದುರೆ ದಂಡೂ ಅಲ್ಲೇ ಇರುತ್ತಿತ್ತು. ಸಂಸ್ಥಾನಿಕರ ಮಾತು ಎಲ್ಲಿಯವರೆಗೆ ನಡೆಯುತ್ತದೆ, ಕಲಾದಗಿಯ ದಂಡಿನ ಮಾತು ಎಲ್ಲಿಂದ ಶುರುವಾಗುತ್ತದೆ ಎಂಬುದು ಹಳ್ಳಿಯವರಿಗೆ ಗೊತ್ತಿತ್ತು.

ಹಿನ್ನೆಲೆ

ಹಲಗಲಿಯದು ಶೂನ್ಯದಲ್ಲಿ ಹುಟ್ಟಿದ ಬಂಡಾಯವಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಸಂಗೊಳ್ಳಿ ರಾಯಣ್ಣ ಆಮೇಲೆ ಕಿತ್ತೂರಿನ ಹಕ್ಕಿಗಾಗಿ ಹಳ್ಳಿಗರನ್ನು ಕಟ್ಟಿಕೊಂಡು ಹೋರಾಡಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ದಕ್ಷಿಣದ ಇನ್ನೊಂದು ತುದಿಯಲ್ಲಿ, 1834ರಲ್ಲಿ ಕಂಪನಿ ದಂಡು ಕೊಡಗನ್ನು ವಶಪಡಿಸಿಕೊಂಡು ಕಂದಾಯವನ್ನು ನಗದಿನಲ್ಲೇ ಕೇಳತೊಡಗಿದಾಗ ರೊಚ್ಚಿಗೆದ್ದ ಅಮರಸುಳ್ಯದ ರೈತರು 1837ರಲ್ಲಿ ಮಂಗಳೂರಿನವರೆಗೆ ನುಗ್ಗಿದರು.

ಮುಧೋಳ–ಜಮಖಂಡಿ ಸೀಮೆಗೆ ಹತ್ತಿರದ ಅಸಮಾಧಾನಗಳು ಬೇರೆ. ಗಂಡುಮಕ್ಕಳಿಲ್ಲದ ಸಂಸ್ಥಾನಿಕರಿಗೆ ದತ್ತಕದ ಹಕ್ಕು ಕೊಡದೆ ಸಂಸ್ಥಾನವನ್ನೇ ನುಂಗುವ ಪದ್ಧತಿ ಒಂದು. ಇನಾಮು ಜಮೀನುಗಳ ದಾಖಲೆ ಕೇಳಿ, ಸಿಗದಿದ್ದರೆ ಕಿತ್ತುಕೊಳ್ಳುತ್ತಿದ್ದ ಇನಾಮ್ ಕಮಿಶನ್ ಇನ್ನೊಂದು. ಮೊದಲನೆಯದು ಅರಮನೆಗಳ ನಿದ್ದೆ ಕೆಡಿಸಿತು, ಎರಡನೆಯದು ಗೌಡ, ಕುಲಕರ್ಣಿ, ವಾಲೀಕಾರರ ಮನೆಗಳವರೆಗೆ ಇಳಿಯಿತು.

1857ರ ಮೇ ತಿಂಗಳಲ್ಲಿ ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದಮೇಲೆ ಕಂಪನಿ ಸರಕಾರ ಅದೇ ವರ್ಷ 28ನೆಯ ಕಾಯ್ದೆಯನ್ನು ತಂದಿತು. ಜನರ ಬಳಿ ಇರುವ ಆಯುಧಗಳನ್ನೆಲ್ಲ ನೋಂದಾಯಿಸಬೇಕು, ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಾರದು, ಸರಕಾರ ಕೇಳಿದರೆ ತಂದೊಪ್ಪಿಸಬೇಕು ಎಂಬುದು ಅದರ ತಿರುಳು. ಚರಿತ್ರೆಯ ಪುಸ್ತಕಗಳಲ್ಲಿ ಇದರ ಹೆಸರು ನಿಶ್ಶಸ್ತ್ರೀಕರಣ ಕಾಯ್ದೆ. ಹಳ್ಳಿಯ ಬಾಯಲ್ಲಿ ಅದು ‘ಹತಾರ ಕೊಡುವ ಹುಕುಂ’.

ಹಲಗಲಿ, 1857

ಹಲಗಲಿ ಮುಧೋಳ ಸಂಸ್ಥಾನದ ಒಂದು ಹಳ್ಳಿ. ಅಲ್ಲಿಯ ಬೇಡರಿಗೆ ಹತಾರ ಗೋಡೆಗೆ ತೂಗುಹಾಕುವ ಅಲಂಕಾರವಾಗಿರಲಿಲ್ಲ. ಕತ್ತಿ, ಭರ್ಚಿ, ತೋಡೇದಾರ ಬಂದೂಕುಗಳಿಂದಲೇ ಬೇಟೆ. ಹೊಲಕ್ಕೆ ನುಗ್ಗುವ ಹಂದಿಯನ್ನು ಓಡಿಸುವುದೂ ಅವುಗಳಿಂದಲೇ. ಊರ ಕಾವಲಿನ ತಳವಾರಿಕೆಗೂ ಸಂಸ್ಥಾನಿಕರು ಕರೆದಾಗ ದಂಡಿನ ಚಾಕರಿಗೆ ಹೋಗುವುದಕ್ಕೂ ಅವೇ ಬೇಕು. ಆಯುಧ ಕೊಟ್ಟರೆ ಅನ್ನ ಹೋಗುತ್ತದೆ, ಅನ್ನದ ಜತೆಗೆ ಊರಲ್ಲಿ ಇದ್ದ ಸ್ಥಾನಮಾನವೂ ಹೋಗುತ್ತದೆ. ಕಾಯ್ದೆ ಬರೆದವರ ಲೆಕ್ಕದಲ್ಲಿ ಇದು ಭದ್ರತೆಯ ಪ್ರಶ್ನೆ. ಹಲಗಲಿಯ ಲೆಕ್ಕದಲ್ಲಿ ಬದುಕಿನ ಪ್ರಶ್ನೆ. ಬಂಡಾಯದ ಕಾರಣವನ್ನು ಇಲ್ಲಿಯೇ ಹುಡುಕಬೇಕು. ದಿಲ್ಲಿಯ ಬಾದಶಹನಿಗಾಗಲಿ ಕಾನಪುರದ ಪೇಶ್ವೆಗಾಗಲಿ ಹಲಗಲಿಯವರು ಎದ್ದು ನಿಂತರೆಂಬುದಕ್ಕಿಂತ, ಮನೆಯ ಮೂಲೆಯ ಹತಾರಕ್ಕೆ ಕೈಹಾಕಿದವರನ್ನು ತಡೆದು ನಿಂತರೆಂಬುದು ಸರಿಯಾದ ಮಾತು.

ಹುಕುಂ ಬಂದಾಗ ಊರ ಹಿರಿಯರು ಕೂಡಿ ಕೊಡಬಾರದೆಂದು ನಿಶ್ಚಯಿಸಿದರು. ಈ ಬಂಡಾಯವನ್ನು ಹಾಡುವ ಲಾವಣಿಯು ಮುಖಂಡರಾಗಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರನ್ನು ಹೆಸರಿಸುತ್ತದೆ. ನೆರೆಯ ಮಂಟೂರು, ಬೂದನಿ, ಆಲಗುಂಡಿಗಳ ಬೇಡರೂ ಹಲಗಲಿಗೆ ಬಂದು ಸೇರಿದರು. ಸುಮಾರು 500 ಜನ ಆಯುಧ ಸಹಿತ ಒಂದೇ ಊರಿನಲ್ಲಿ ಜಮಾಯಿಸಿದರೆಂಬುದು ಸಂಸ್ಥಾನದ ಆಡಳಿತಕ್ಕೂ ಬೆಳಗಾವಿಯ ಏಜೆಂಟನಿಗೂ ದೊಡ್ಡ ಸುದ್ದಿ. ಮೊದಲು ತಿಳಿಹೇಳುವ ಪ್ರಯತ್ನ ನಡೆಯಿತು, ಅದು ಫಲಿಸಲಿಲ್ಲ.

ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮ್‌ನ ಕೈಕೆಳಗಿನ ದಂಡು ಹಲಗಲಿಯನ್ನು ಸುತ್ತುವರಿಯಿತು. ಬೇಡರು ಮನೆಗಳ ಮಾಳಿಗೆಯಿಂದಲೂ ಗೋಡೆಗಳ ಮರೆಯಿಂದಲೂ ಗುಂಡು ಹಾರಿಸಿದರು. ಇಕ್ಕಟ್ಟಾದ ಓಣಿಗಳಲ್ಲಿ ಕುದುರೆ ದಂಡಿನ ಆಟ ನಡೆಯದು ಎಂಬುದು ಅವರ ಬಲ. ಈ ಭಾಗದ ಮಣ್ಣಿನ ಮಾಳಿಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ; ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಜಿಗಿದು ಊರಿನ ಉದ್ದಕ್ಕೂ ಹೋಗಬಹುದು. ಆ ಬಲವೇ ಮುಳುವಾಯಿತು. ಒಳನುಗ್ಗಿ ಮನೆಮನೆಯಲ್ಲಿ ಹೋರಾಡುವ ಬದಲು ದಂಡಿನವರು ಊರಿಗೆ ಬೆಂಕಿ ಕೊಟ್ಟರು. ಮಾಳಿಗೆಯ ತೊಲೆ ಜಂತಿ ಹತ್ತಿಕೊಂಡ ಮೇಲೆ ಒಳಗಿದ್ದವರಿಗೆ ಉಳಿದದ್ದು ಎರಡೇ ದಾರಿ.

ಸುಮಾರು 100 ಜನ ಸತ್ತರು. ಸೆರೆಸಿಕ್ಕವರು 290. ಅವರಲ್ಲಿ 19 ಮಂದಿಯನ್ನು ಡಿಸೆಂಬರ್ ತಿಂಗಳಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಬಹಿರಂಗವಾಗಿ ಗಲ್ಲಿಗೆ ಹಾಕಲಾಯಿತು. ಕಾಳಗ ಮುಗಿದು ಎರಡು ವಾರ ಕಳೆಯುವುದರೊಳಗೆ ಶಿಕ್ಷೆ ಜಾರಿಯಾಗತೊಡಗಿತ್ತು. ಅಷ್ಟು ಸಣ್ಣ ಅವಧಿಯಲ್ಲಿ ನೂರಾರು ಕೈದಿಗಳ ವಿಚಾರಣೆ ಯಾವ ಬಗೆಯದಾಗಿರಬಹುದು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಸಂಘಟನೆ

ಹಲಗಲಿಗೆ ಸಂಘವಿರಲಿಲ್ಲ, ಪತ್ರಿಕೆಯಿರಲಿಲ್ಲ, ಹೊರಗಿನ ನಾಯಕರಿರಲಿಲ್ಲ. ಅದರ ಸಂಘಟನೆ ಮೂರು ಹಳೆಯ ಎಳೆಗಳ ಮೇಲೆ ನಿಂತಿತ್ತು. ಮೊದಲನೆಯದು ಬೀಗತನ ಮತ್ತು ಕುಲ: ಮಂಟೂರಿನವರು ಹಲಗಲಿಗೆ ಬರಲು ಕಾರಣ ಹುಡುಕಬೇಕಿರಲಿಲ್ಲ. ಎರಡನೆಯದು ಊರ ಕಟ್ಟೆಯ ಪಂಚಾಯ್ತಿ. ಅಲ್ಲಿ ಆದ ತೀರ್ಮಾನ ಎಲ್ಲರ ಮೇಲೂ ಕಟ್ಟು. ಮೂರನೆಯದು ಕಾವಲು ಚಾಕರಿಯಲ್ಲಿ ಬಂದ ಶಿಸ್ತು. ಯಾರು ಎಲ್ಲಿ ನಿಲ್ಲಬೇಕು, ಯಾವ ದಾರಿ ಕಾಯಬೇಕು ಎಂಬುದನ್ನು ತಳವಾರಿಕೆಯ ಮನೆತನಗಳಿಗೆ ಕಲಿಸಬೇಕಾಗಿರಲಿಲ್ಲ.

ಇದರ ಮಿತಿಯೂ ಅಷ್ಟೇ ಸ್ಪಷ್ಟ. ಕುಲದ ಎಳೆ ಹತ್ತೂರಿಗೆ ಹಬ್ಬಿತು, ನೂರೂರಿಗೆ ಹಬ್ಬಲಿಲ್ಲ. ದಂಡು ಬಂದಾಗ ಚದರಿ ಕಾಡು ಸೇರಿ ಕಾಡುವ ರಾಯಣ್ಣನ ತಂತ್ರ ಇಲ್ಲಿ ಕಾಣುವುದಿಲ್ಲ. ಹಲಗಲಿಯವರು ತಮ್ಮ ಊರಿನಲ್ಲಿಯೇ ನಿಂತರು. ಹೆಂಗಸರು, ಮಕ್ಕಳು, ದನಕರು ಎಲ್ಲವೂ ಅದೇ ಊರಿನಲ್ಲಿದ್ದವು.

ನೆರೆಯ ಸಂಸ್ಥಾನಗಳು, 1857–58

ಹಲಗಲಿಯ ಬೆಂಕಿ ಆರಿದ ಮೇಲೂ ನಿಶ್ಶಸ್ತ್ರೀಕರಣ ನಿಲ್ಲಲಿಲ್ಲ. 1858ರ ಮೇ ತಿಂಗಳಲ್ಲಿ ಹಮ್ಮಿಗಿಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಸರಕಾರದ ಕಣ್ಣಿಗೆ ಬಿದ್ದು, ಅವುಗಳಿಗೆ ಮೊಹರು ಹಾಕಲಾಯಿತು. ಮುಂಡರಗಿ ಭೀಮರಾಯ ಆ ಮೊಹರು ಒಡೆದು ಆಯುಧ ತೆಗೆದುಕೊಂಡು ಬಂಡೆದ್ದು, ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಮಡಿದ. ದತ್ತಕ ನಿರಾಕರಣೆಯಿಂದ ನೊಂದಿದ್ದ ನರಗುಂದದ ಭಾಸ್ಕರರಾವ್ ಬಾಬಾಸಾಹೇಬನ ಜನ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಸುರಪುರದ ವೆಂಕಟಪ್ಪನಾಯಕನ ಬಂಡಾಯವೂ ಮುರಿದುಬಿದ್ದಿತ್ತು.

ಈ ಮೂವರ ಹೋರಾಟಗಳ ಹಿಂದೆ ಸಂಸ್ಥಾನ, ಗದ್ದುಗೆ, ಅಧಿಕಾರದ ಮನೆತನಗಳಿದ್ದವು. ಹಲಗಲಿ ಹಾಗಲ್ಲ. ಅದಕ್ಕೆ ಗದ್ದುಗೆಯೂ ಇಲ್ಲ, ಕೋಟೆಯೂ ಇಲ್ಲ. ತನ್ನದೇ ಸಂಸ್ಥಾನಿಕನ ಬೆಂಬಲವೂ ಇಲ್ಲ. 1857ರ ಕರ್ನಾಟಕದ ಬಂಡಾಯಗಳಲ್ಲಿ ಜನಪ್ರತಿರೋಧ ಎಂಬ ಮಾತಿಗೆ ಪೂರ್ತಿ ಹೊಂದುವ ಘಟನೆ ಹಲಗಲಿಯೇ.

ಲಾವಣಿ ಮತ್ತು ದಫ್ತರ

ಹಲಗಲಿಯ ಬಗ್ಗೆ ನಮಗೆ ತಿಳಿದಿರುವುದು ಎರಡು ದಾರಿಗಳಿಂದ ಬಂದಿದೆ. ಒಂದು ಬ್ರಿಟಿಷ್ ಅಧಿಕಾರಿಗಳ ಕಾಗದಪತ್ರ ಮತ್ತು ಅದನ್ನು ಆಧರಿಸಿದ ಗ್ಯಾಝೆಟಿಯರುಗಳು. ಅಲ್ಲಿ ಹಲಗಲಿ ಕೆಲವು ಸಾಲುಗಳ ವಿಷಯ: ಇಷ್ಟು ಜನ ಸೇರಿದರು, ಇಷ್ಟು ಸತ್ತರು, ಇಷ್ಟು ಸೆರೆ, ಇಷ್ಟು ಗಲ್ಲು. ಇನ್ನೊಂದು ‘ಹಲಗಲಿಯ ಬೇಡರು’ ಎಂಬ ಲಾವಣಿ.

ಈ ಲಾವಣಿಯನ್ನು ಅಚ್ಚಿಗೆ ತಂದವನು ಜಾನ್ ಫೇತ್‌ಫುಲ್ ಫ್ಲೀಟ್. ಮುಂಬಯಿ ಸಿವಿಲ್ ಸರ್ವಿಸಿನ ಅಧಿಕಾರಿಯಾಗಿ ಈ ಭಾಗದಲ್ಲಿ ಕೆಲಸ ಮಾಡಿದ ಫ್ಲೀಟ್, ಶಾಸನಗಳನ್ನು ಓದಿದ ವಿದ್ವಾಂಸನೆಂದೇ ಹೆಚ್ಚು ಪರಿಚಿತ. ಜನರ ಬಾಯಲ್ಲಿದ್ದ ಕನ್ನಡ ಲಾವಣಿಗಳನ್ನು ಆತ ಬರೆಸಿಕೊಂಡು, 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವೆರಿ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಆ ಸಂಗ್ರಹದಲ್ಲಿದೆ. ಬಂಡಾಯ ಅಡಗಿಸಿದ ಸರಕಾರದ ಅಧಿಕಾರಿಯೊಬ್ಬನ ಕೈಯಿಂದಲೇ ಬಂಡಾಯದ ಹಾಡು ಉಳಿದುಬಂತು. ಲಾವಣಿಯ ಕೊನೆಯಲ್ಲಿ ಬರುವ ಅಂಕಿತ ಕುರ್ತಕೋಟಿಯ ಕಲ್ಮೇಶನದು.

ಲಾವಣಿಕಾರ ದಫ್ತರಕ್ಕೆ ಕಾಣದ್ದನ್ನು ಕಾಣುತ್ತಾನೆ. ದಂಡು ಊರನ್ನು ದೋಚಿದ ಭಾಗದಲ್ಲಿ ಆತ ಒಂದೊಂದು ಸಾಮಾನನ್ನೂ ಹೆಸರು ಹಿಡಿದು ಹೇಳುತ್ತಾನೆ. ಹಾಲು ಮೊಸರು, ಉಪ್ಪು ಎಣ್ಣೆ, ಕೊಡಲಿ, ಬೀಸುಕಲ್ಲು, ಹೆಣ್ಣುಮಕ್ಕಳ ಮಂಗಳಸೂತ್ರದವರೆಗೆ ಆ ಪಟ್ಟಿ ಹೋಗುತ್ತದೆ. ಹತಾರ ಕಿತ್ತುಕೊಳ್ಳಲು ಬಂದವರು ಬೀಸುಕಲ್ಲನ್ನು ಏಕೆ ಹೊತ್ತರು ಎಂಬ ಪ್ರಶ್ನೆಗೆ ಸರಕಾರಿ ವರದಿಯಲ್ಲಿ ಉತ್ತರವಿಲ್ಲ. ಸೈನಿಕ ಕಾರ್ಯಾಚರಣೆ ಒಂದು ಸಂಸಾರದ ಮಟ್ಟದಲ್ಲಿ ಏನು ಮಾಡುತ್ತದೆ ಎಂಬುದಕ್ಕೆ 19ನೆಯ ಶತಮಾನದ ಕನ್ನಡದಲ್ಲಿ ಇದಕ್ಕಿಂತ ಖಚಿತವಾದ ಸಾಕ್ಷ್ಯ ದುರ್ಲಭ. ಹಾಗೆಂದು ಲಾವಣಿಯ ಪ್ರತಿಯೊಂದು ಮಾತನ್ನೂ ವರದಿಯೆಂದು ಓದಲಾಗದು. ಪ್ರಾಸ, ಮಟ್ಟು, ಕೇಳುವವರ ರೋಮಾಂಚನ ಇವೂ ಅದರ ಕೆಲಸಗಳೇ. ಸತ್ತವರ ಎಣಿಕೆಗೆ ದಫ್ತರವನ್ನೂ ಕಳೆದುಕೊಂಡದ್ದರ ಎಣಿಕೆಗೆ ಲಾವಣಿಯನ್ನೂ ನೋಡುವುದು ಸರಿಯಾದ ಕ್ರಮ.

ಡಪ್ಪು, ತುಂತುಣಿ, ತಾಳಗಳೊಂದಿಗೆ ಹಾಡುವ ಗೀಗೀ ಪದದ ಪರಂಪರೆ ಈ ಸೀಮೆಯಲ್ಲಿ ಸುದ್ದಿ ಮುಟ್ಟಿಸುವ ಸಾಧನವೂ ಆಗಿತ್ತು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಖಾದಿ, ಸ್ವರಾಜ್ಯಗಳ ಪ್ರಚಾರಕ್ಕೆ ಅದೇ ಮಟ್ಟುಗಳು ಬಳಕೆಯಾದವು.

ಎರಡನೆಯ ಮಹಾಯುದ್ಧದ ಕಾಲ

1939ರಲ್ಲಿ ಬ್ರಿಟಿಷ್ ಸರಕಾರ ಭಾರತೀಯರನ್ನು ಕೇಳದೆ ಭಾರತವನ್ನು ಯುದ್ಧಕ್ಕೆ ಸೇರಿಸಿತು. ಭಾರತ ರಕ್ಷಣಾ ಕಾಯ್ದೆ ಬಂತು. ವಿಚಾರಣೆಯಿಲ್ಲದೆ ಬಂಧಿಸುವ, ಪತ್ರಿಕೆಗಳನ್ನು ತಡೆಯುವ ಅಧಿಕಾರ ಅದರೊಂದಿಗೇ ಬಂತು. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ ‘ಭಾರತ ಬಿಟ್ಟು ತೊಲಗಿ’ ನಿರ್ಣಯ ಮಾಡಿದ ಮರುದಿನ ಬೆಳಗಾಗುವುದರೊಳಗೆ ಮುಖ್ಯ ನಾಯಕರೆಲ್ಲ ಸೆರೆಯಾದರು. ಚಳವಳಿಯನ್ನು ಅಡಗಿಸಲು ದೇಶದಾದ್ಯಂತ 57 ಬಟಾಲಿಯನ್ ಸೈನ್ಯವನ್ನು ಇಳಿಸಲಾಯಿತು. ಇದು 1857ರ ನಂತರದ ಅತ್ಯಂತ ಗಂಭೀರ ಬಂಡಾಯವೆಂದು ವೈಸರಾಯ್ ಲಿನ್‌ಲಿತ್‌ಗೋ ಆಗಸ್ಟ್ ಕೊನೆಯಲ್ಲಿ ಚರ್ಚಿಲ್‌ಗೆ ತಂತಿ ಕಳಿಸಿದ. ಎರಡು ಕಾಲಗಳನ್ನು ಹೀಗೆ ಜೋಡಿಸಿ ನೋಡಿದವನು ಆಳುವವನೇ.

ಮುಂಬಯಿ ಕರ್ನಾಟಕದ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳಲ್ಲಿ ಚಳವಳಿ ಭೂಗತವಾಗಿ ಬಹಳ ಕಾಲ ನಡೆಯಿತು. ತಂತಿ ಕತ್ತರಿಸುವುದು, ಟಪಾಲು ಚೀಲ ಸುಡುವುದು, ಹಳಿ ಕೀಳುವುದು, ಚಾವಡಿಗಳ ದಫ್ತರಕ್ಕೆ ಬೆಂಕಿ ಇಡುವುದು ಅದರ ಮುಖ್ಯ ಬಗೆಗಳು. ಜೀವಹಾನಿ ಮಾಡಬಾರದೆಂಬ ಕಟ್ಟನ್ನು ಭೂಗತರು ಹಾಕಿಕೊಂಡಿದ್ದರು. ರಂಗನಾಥ ದಿವಾಕರರು ಭೂಗತರಾಗಿದ್ದುಕೊಂಡೇ ಪ್ರಾಂತದ ಚಳವಳಿಯನ್ನು ನಡೆಸಿ, ಗಾಂಧೀಜಿಯ ಸಲಹೆಯಂತೆ 1944ರಲ್ಲಿ ಶರಣಾದರು. ದಂಡಿ ಯಾತ್ರೆಯಲ್ಲಿ ನಡೆದಿದ್ದ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ ಪೊಲೀಸರ ಗುಂಡಿಗೆ ಬಲಿಯಾದರು. ಜತೆಗಿದ್ದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಬ್ಬರೂ ಅಲ್ಲೇ ಮಡಿದರು.

ಮುಧೋಳ, ಜಮಖಂಡಿ, ಸಾಂಗಲಿ ಸಂಸ್ಥಾನಗಳ ಸ್ಥಿತಿ ಬೇರೆ. ಅಲ್ಲಿ ಹೋರಾಟಕ್ಕೆ ಎರಡು ಮುಖಗಳು: ಬ್ರಿಟಿಷರ ವಿರುದ್ಧ ಒಂದು, ಸಂಸ್ಥಾನದಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ಇನ್ನೊಂದು. ಎರಡನೆಯ ಕೆಲಸವನ್ನು ಪ್ರಜಾ ಪರಿಷತ್ತುಗಳು ಮಾಡಿದವು. ಖಾಲಸಾ ಮುಲುಕಿನಲ್ಲಿ ಹೊರಟ ವಾರಂಟು ಸಂಸ್ಥಾನದ ಗಡಿಯೊಳಗೆ ನೇರವಾಗಿ ನಡೆಯುತ್ತಿರಲಿಲ್ಲ. ಕಾಗದ ಕೊಲ್ಹಾಪುರದ ರೆಸಿಡೆಂಟನ ಕಚೇರಿಯ ದಾರಿ ಹಿಡಿದು ಬರಬೇಕಿತ್ತು. ಬೀಳಗಿಯಿಂದ ಮುಧೋಳಕ್ಕೆ, ರಬಕವಿಯಿಂದ ಬನಹಟ್ಟಿಗೆ ಕಾಲಿಟ್ಟರೆ ಸರಕಾರವೇ ಬೇರೆಯಾಗುತ್ತಿದ್ದ ಈ ನಕಾಶೆ, ಓಡಾಡುವ ಕಾರ್ಯಕರ್ತನಿಗೆ ಕೆಲವು ದಿನಗಳ ಬಿಡುವು ಕೊಡಬಲ್ಲದಾಗಿತ್ತು.

ಯುದ್ಧ ಮಗ್ಗದ ಮನೆಗೂ ಬಂತು. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳು ನೇಕಾರರ ಊರುಗಳು. ಗಿರಣಿಗಳ ಬಟ್ಟೆ ಸೈನ್ಯಕ್ಕೆ ಹರಿದು, ನೂಲಿನ ಬೆಲೆ ಏರಿ, 1943ರಲ್ಲಿ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆ ಬಂತು. ಕೈಮಗ್ಗಕ್ಕೆ ನೂಲೇ ಅನ್ನ. ಹಲಗಲಿಯಲ್ಲಿ ಹತಾರ ಇದ್ದ ಸ್ಥಾನದಲ್ಲಿ ಇಲ್ಲಿ ನೂಲಿತ್ತು.

ಜಮಖಂಡಿ ಸಂಸ್ಥಾನದ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿ ಈ ಕಾಲದ ಸಂಸ್ಥಾನ ರಾಜಕಾರಣದಿಂದ ಬೆಳೆದವರು. ಜಮಖಂಡಿಯಲ್ಲಿ ವಕೀಲಿ ಮಾಡುತ್ತ ಪುರಸಭೆಯ ಸದಸ್ಯರಾಗಿ, ಅಧ್ಯಕ್ಷರಾಗಿ, ಸಂಸ್ಥಾನದ ಮಂತ್ರಿಮಂಡಲದ ಮುಖ್ಯರಾದರು. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿ (1958–62), ದೇಶದ ಉಪರಾಷ್ಟ್ರಪತಿ (1974–79), 1977ರಲ್ಲಿ ಹಂಗಾಮಿ ರಾಷ್ಟ್ರಪತಿ. 1948ರಲ್ಲಿ ದಖನ್ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು.

ವಿಧಗಳು

ಪ್ರತಿರೋಧದ ಬಗೆಗಳನ್ನು ಆಯುಧ ಇದೆಯೋ ಇಲ್ಲವೋ ಎಂಬುದರಿಂದ ಮಾತ್ರ ವಿಂಗಡಿಸಿದರೆ ಮುಖ್ಯ ಸಂಗತಿ ತಪ್ಪಿಹೋಗುತ್ತದೆ. ಜನ ಯಾವುದನ್ನು ಕೊಡಲು ನಿರಾಕರಿಸಿದರು ಎಂಬುದು ಹೆಚ್ಚು ಬೆಳಕು ಕೊಡುವ ಪ್ರಶ್ನೆ.

ಹಲಗಲಿ ಕೊಡದೆ ಉಳಿಸಿಕೊಂಡದ್ದು ವಸ್ತುವನ್ನು. ಶಿವಮೊಗ್ಗ ಜಿಲ್ಲೆಯ ಈಸೂರು 1942ರಲ್ಲಿ ಕೊಡದೆ ಉಳಿಸಿಕೊಂಡದ್ದು ಅಧಿಕಾರದ ಮಾನ್ಯತೆಯನ್ನು. ಅಲ್ಲಿನ ಜನ ಕಂದಾಯ ನಿಲ್ಲಿಸಿ, ತಮ್ಮ ಊರು ಸ್ವತಂತ್ರವೆಂದು ಸಾರಿ, ಜಯಣ್ಣ ಮತ್ತು ಮಲ್ಲಪ್ಪ ಎಂಬ ಇಬ್ಬರು ಹುಡುಗರನ್ನು ಅಮಲ್ದಾರ ಮತ್ತು ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿದರು. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ನಿಜವಾದ ಅಮಲ್ದಾರನೂ ಸಬ್‌ಇನ್‌ಸ್ಪೆಕ್ಟರನೂ ಸತ್ತಮೇಲೆ ಸೈನ್ಯ ಊರಿಗೆ ನುಗ್ಗಿತು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು. ಈಸೂರೂ ಖಾಲಸಾ ಹಳ್ಳಿಯಲ್ಲ, ಮೈಸೂರು ಸಂಸ್ಥಾನದ್ದು.

1942ರಲ್ಲೇ ಜರ್ಮನ್ ಸೈನ್ಯದ ಕೆಳಗಿದ್ದ ನಾರ್ವೆಯಲ್ಲಿ ಶಾಲಾಮಾಸ್ತರರು ಕೊಡದೆ ಉಳಿಸಿಕೊಂಡದ್ದು ತಮ್ಮ ಸಹಿಯನ್ನು. ಜರ್ಮನರ ಬೆಂಬಲದ ಕ್ವಿಸ್ಲಿಂಗ್ ಸರಕಾರದ ಶಿಕ್ಷಕರ ಸಂಘಕ್ಕೆ ಸೇರುವುದಿಲ್ಲವೆಂದು ಸಾವಿರಾರು ಮಾಸ್ತರರು ಪತ್ರ ಬರೆದರು. ಸುಮಾರು 1,100 ಜನರನ್ನು ಬಂಧಿಸಿ, ನೂರಾರು ಜನರನ್ನು ಉತ್ತರಧ್ರುವ ವಲಯದ ಕಿರ್ಕೆನೆಸ್‌ಗೆ ದುಡಿಯಲು ಕಳಿಸಲಾಯಿತು. ವರ್ಷ ಮುಗಿಯುವ ಮೊದಲು ಅವರು ಮನೆಗೆ ಮರಳಿದರು, ಸಂಘ ನೆಲೆಯೂರಲೇ ಇಲ್ಲ. 1941ರ ಫೆಬ್ರುವರಿಯಲ್ಲಿ ಯಹೂದಿಗಳ ಬಂಧನ ಖಂಡಿಸಿ ಆಮ್‌ಸ್ಟರ್‌ಡ್ಯಾಮಿನ ಕೆಲಸಗಾರರು ದುಡಿಮೆ ನಿಲ್ಲಿಸಿದರು. 1943ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಮೀನುಗಾರರೂ ಸಾಮಾನ್ಯರೂ 7,000ಕ್ಕೂ ಹೆಚ್ಚು ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಅವರು ಕೊಡದೆ ಉಳಿಸಿಕೊಂಡದ್ದು ನೆರೆಹೊರೆಯವರನ್ನೇ. ಗಡಿ ದಾಟಿಸುವ ಈ ತಂತ್ರ ತುಂಡು ಸಂಸ್ಥಾನಗಳ ಸೀಮೆಯವರಿಗೆ ಅಪರಿಚಿತವೇನಲ್ಲ.

ಸಾಮೂಹಿಕ ದಂಡನೆ ಮತ್ತು ಕಾನೂನು

ಹಲಗಲಿಯನ್ನು ಸುಟ್ಟಾಗ ಅದನ್ನು ತಪ್ಪೆನ್ನುವ ಅಂತಾರಾಷ್ಟ್ರೀಯ ಕಾಯ್ದೆ ಇರಲಿಲ್ಲ. 1907ರ ಹೇಗ್ ನಿಯಮಾವಳಿಯ 50ನೆಯ ವಿಧಿ, ಕೆಲವರ ಕೃತ್ಯಕ್ಕಾಗಿ ಎಲ್ಲರ ಮೇಲೆ ದಂಡ ಹೇರುವುದನ್ನು ನಿಷೇಧಿಸಿತು. ಆದರೂ 1942ರ ಭಾರತದಲ್ಲಿ ಸಾಮೂಹಿಕ ದಂಡ ವಸೂಲಿಗೆಂದೇ ಒಂದು ಸುಗ್ರೀವಾಜ್ಞೆ ಬಂತು. ತಂತಿ ಕಡಿದವರು ಯಾರೆಂದು ಗೊತ್ತಾಗದಿದ್ದರೆ ತಂತಿ ಹಾದುಹೋಗುವ ಊರೇ ದಂಡ ತೆರಬೇಕು. 1857ರ ಬೆಂಕಿ 1942ರಲ್ಲಿ ರಸೀದಿಯ ರೂಪ ತಾಳಿತ್ತು. 1949ರ ನಾಲ್ಕನೆಯ ಜಿನೀವಾ ಒಪ್ಪಂದದ 33ನೆಯ ವಿಧಿ ಸಾಮೂಹಿಕ ಶಿಕ್ಷೆ, ಲೂಟಿ, ಪ್ರತೀಕಾರ ಮೂರನ್ನೂ ಒಂದೇ ಕಡೆ ನಿಷೇಧಿಸುತ್ತದೆ. ಹಲಗಲಿಯ ಲಾವಣಿಯಲ್ಲಿ ಈ ಮೂರಕ್ಕೂ ಸಾಕ್ಷ್ಯವಿದೆ.

ಆಯುಧ ಕಾಯ್ದೆಯ ಕಥೆಗೆ ಇನ್ನೊಂದು ಮಗ್ಗುಲಿದೆ. 1857ರಲ್ಲಿ ಕಂಪನಿಗೆ ನಿಷ್ಠರಾಗಿದ್ದರೆಂದು ಕೊಡವರಿಗೆ 1861ರಲ್ಲಿ ಈ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಕೋವಿ ಕೊಡವರ ಹಬ್ಬ, ಹುಟ್ಟು, ಸಾವುಗಳ ಭಾಗ ಎಂಬುದನ್ನು ಸರಕಾರ ಒಪ್ಪಿಕೊಂಡಿತು. ಹಲಗಲಿಯ ಬೇಡರಿಗೂ ಹತಾರ ಬದುಕಿನ ಭಾಗವೇ ಆಗಿತ್ತು, ಅದನ್ನು ಒಪ್ಪಿಕೊಳ್ಳುವವರು ಇರಲಿಲ್ಲ. ಎರಡು ಸಮುದಾಯಗಳ ನಡುವಿನ ವ್ಯತ್ಯಾಸ ಸಂಸ್ಕೃತಿಯದಲ್ಲ, 1857ರಲ್ಲಿ ಯಾರು ಯಾವ ಬದಿಗಿದ್ದರೆಂಬುದರದು. ಕೊಡವರ ವಿನಾಯಿತಿ ಈಗಿನ ಆಯುಧ ಕಾಯ್ದೆಯಡಿಯಲ್ಲೂ ಮುಂದುವರಿದು, 2029ರವರೆಗೆ ವಿಸ್ತರಣೆಯಾಗಿದೆ.

ಇಂದಿನ ಸ್ಥಿತಿ

1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬಾಗಲಕೋಟೆ ಬೇರೆಯಾದಾಗ ಮುಧೋಳ, ಜಮಖಂಡಿ, ಬೀಳಗಿಗಳು ಹೊಸ ಜಿಲ್ಲೆಗೆ ಬಂದವು. ಒಮ್ಮೆ ಎರಡು ಸಂಸ್ಥಾನಗಳಿಗೆ ಹಂಚಿಹೋಗಿದ್ದ ರಬಕವಿ ಮತ್ತು ಬನಹಟ್ಟಿ ಈಗ ಒಂದೇ ನಗರಸಭೆ, ಒಂದೇ ತಾಲೂಕು. ಮಗ್ಗದ ಸದ್ದು ಅಲ್ಲಿ ಇನ್ನೂ ಇದೆ, ಹೆಚ್ಚಿನದು ವಿದ್ಯುತ್ ಮಗ್ಗದ್ದು.

‘ಹಲಗಲಿ ಬೇಡರು’ ಲಾವಣಿ ಕರ್ನಾಟಕದ ಹತ್ತನೆಯ ತರಗತಿಯ ಪ್ರಥಮ ಭಾಷೆ ಕನ್ನಡ ಪುಸ್ತಕದಲ್ಲಿ ಪದ್ಯಪಾಠವಾಗಿ ಸೇರಿದೆ. ಉತ್ತರ ಕರ್ನಾಟಕದ ಆಡುಮಾತಿನ ಆ ಸಾಲುಗಳನ್ನು ಬೆಂಗಳೂರು, ಮೈಸೂರುಗಳ ಮಕ್ಕಳು ಪದಗಳ ಅರ್ಥದ ಪಟ್ಟಿ ನೋಡಿಕೊಂಡು ಓದುತ್ತಾರೆ. ಮುಧೋಳ ತಾಲೂಕಿನ ಮಕ್ಕಳಿಗೆ ಅದು ಮನೆಯ ಮಾತು. ಬಂಡಾಯದ ಕಾಲದ ಮುಂಬಯಿ ಸರಕಾರದ ಕಾಗದಪತ್ರಗಳು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. 290 ಕೈದಿಗಳಲ್ಲಿ ಗಲ್ಲು ತಪ್ಪಿಸಿಕೊಂಡ 271 ಜನರ ಮುಂದಿನ ಬದುಕನ್ನು ತಿಳಿಯಬಯಸುವ ಕನ್ನಡದ ಸಂಶೋಧಕ ಹುಡುಕಾಟ ಶುರುಮಾಡಬೇಕಾದದ್ದು ಅಲ್ಲಿ.